ಗಿರಿಜಮ್ಮನವರ ತಲೆಯೊಳಗಿನ ಉಂಗುರ

ಸ್ಕ್ಯಾನಿಂಗ್ ಕೆಲಸ ಕಲಿಯುತ್ತಿರುವ ಮಕ್ಕಳು ಈಗಲೂ ಆಗಾಗ ನನ್ನನ್ನು ಹುಡುಕಿಕೊಂಡು ಮನೆಗೆ ಬರುತ್ತಾರೆ. ಬಂದವರೆಲ್ಲ ಯಂತ್ರದ ಬಗ್ಗೆಯೇ ಕೇಳುತ್ತಾರೆ. ಯಂತ್ರದ್ದೇನೂ ತಕರಾರಿಲ್ಲ, ಅದು ಹೇಳಿದ ಮಾತು ಕೇಳುತ್ತದೆ. ತಲೆ ಅಲ್ಲಾಡಿಸಬೇಡಿ ಎಂದರೆ "ಆಯ್ತು" ಎಂದು ಜೋರಾಗಿ ತಲೆಯಾಡಿಸುವ ಮನುಷ್ಯರ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ. ನಿವೃತ್ತಳಾದ ಮೇಲೆ ನನಗೆ ಉಳಿದಿರುವ ಅಧಿಕಾರ ಅದೊಂದೇ.

ನಾನು ಕೆಲಸಕ್ಕೆ ಸೇರಿದಾಗ ತಿಪಟೂರಿನಲ್ಲಿ ತಲೆಯೊಳಗೆ ಇಣುಕಿ ನೋಡುವ ಯಂತ್ರ ಇರಲಿಲ್ಲ. ಎಕ್ಸ್‌ರೇ ತೆಗೆಯುವುದು, ಕತ್ತಲೆ ಕೋಣೆಗೆ ಹೋಗಿ ಫಿಲ್ಮನ್ನು ಔಷಧಿ ನೀರಿನಲ್ಲಿ ತೊಳೆಯುವುದು, ಕ್ಲಿಪ್ಪು ಹಾಕಿ ಸಂಡಿಗೆ ಒಣಗಿಸುವ ಹಾಗೆ ಒಣಗಿಸುವುದು. ಹೊರಗೆ ರೋಗಿಯ ಕಡೆಯವರು ಬಾಗಿಲು ಬಡಿಯುತ್ತಿರುತ್ತಿದ್ದರು. ಒಳಗೆ ಬೆಳಕು ಬಿದ್ದರೆ ಫಿಲ್ಮು ಹಾಳು ಎಂದು ಎಷ್ಟು ಕೂಗಿ ಹೇಳಿದರೂ "ಒಂಚೂರು ತೆಗೀರಿ, ಒಂದ್ ಮಾತು ಕೇಳ್ಕೊಂಡ್ ಹೋಗ್ತೀವಿ" ಎನ್ನುತ್ತಿದ್ದರು. ಆಮೇಲೆ ಸಿ.ಟಿ. ಬಂತು, ಅದರ ಹಿಂದೆ ಎಂಆರ್‌ಐ ಬಂತು. ಈಗ ರೋಗಿ ಮಂಚದಿಂದ ಇಳಿಯುವ ಮೊದಲೇ ಅವರ ತಲೆಯ ಚಿತ್ರ ಷಡ್ಡಕನ ಫೋನು ತಲುಪಿರುತ್ತದೆ.

ನಮ್ಮ ಸೀಮೆಯವರಿಗೆ ತಲೆಯ ಫಿಲ್ಮು ನೋಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಕೊಬ್ಬರಿ ಗಡಗಡ ಅಂದರೆ ಸುಲಿಯುವ ಜನ ಇವರು. ಚಿಪ್ಪು ಒಡೆಯದೆ ಒಳಗಿನದನ್ನು ತಿಳಿಯುವುದು ಅವರಿಗೆ ಹೊಸ ವಿದ್ಯೆಯೇನಲ್ಲ. ಸ್ಕ್ಯಾನ್ ಮುಗಿಸಿ ಹೊರಬಂದ ಎಷ್ಟೋ ಯಜಮಾನರು ಮೂಲೆಗೆ ಹೋಗಿ ಮೆಲ್ಲಗೆ ತಮ್ಮ ತಲೆಯನ್ನು ತಾವೇ ಅಲ್ಲಾಡಿಸಿ ಕೇಳಿಸಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಂಆರ್‌ಐ ಯಂತ್ರದ ಸದ್ದಂತೂ ಬೋರ್‌ವೆಲ್ ಕೊರೆದಂತೆಯೇ ಇರುತ್ತದೆ. ಹುಳಿಯಾರು ಕಡೆಯ ರೈತರೊಬ್ಬರು ಅದರಿಂದ ಈಚೆ ಬಂದವರೇ ಗಂಭೀರವಾಗಿ "ನೀರು ಬಿತ್ತಾ ಮೇಡಂ?" ಎಂದು ಕೇಳಿದ್ದರು.

ಎಂಆರ್‌ಐ ಎಂದರೆ ದೊಡ್ಡ ಅಯಸ್ಕಾಂತ. ಲೋಹ ಏನಿದ್ದರೂ ಬಾಗಿಲ ಆಚೆಯೇ ಬಿಚ್ಚಿಡಬೇಕು. ತಾಳಿ ಬಿಚ್ಚಿ ಎಂದು ಮುತ್ತೈದೆಯರಿಗೆ ಹೇಳಿ ನೋಡಿ, ಗೊತ್ತಾಗುತ್ತದೆ. ಮೊದಮೊದಲು ಅತ್ತು ಎದ್ದು ಹೋದವರೂ ಇದ್ದಾರೆ. ಆಮೇಲೆ ನಾನು ಒಂದು ಡಬ್ಬಿ ತುಂಬ ಅರಿಶಿನದ ಕೊಂಬು, ಹಳದಿ ದಾರ ತಂದಿಟ್ಟೆ. ತಾಳಿ ಬಿಚ್ಚುವ ಮೊದಲು ಕೊಂಬು ಕಟ್ಟಿಕೊಂಡರೆ ಕತ್ತು ಬರಿದಾಗುವುದಿಲ್ಲ, ಯಂತ್ರವೂ ಸುಮ್ಮನಿರುತ್ತದೆ. ಇಂಜೆಕ್ಷನ್ ಇಡುವ ಬೀರುವಿನಲ್ಲಿ ಅರಿಶಿನ ಏಕೆ ಎಂದು ತಪಾಸಣೆಗೆ ಬಂದ ಅಧಿಕಾರಿ ಕೇಳಿದರು. ಇದಿಲ್ಲದೆ ಅದು ನಡೆಯುವುದಿಲ್ಲ ಸಾರ್ ಎಂದೆ. ಅವರ ಮನೆಯವರನ್ನು ಸ್ಕ್ಯಾನಿಗೆ ಕರೆತಂದ ದಿನ ಅವರಿಗೂ ಅರ್ಥವಾಯಿತು.

ಫಿಲ್ಮು ನೋಡಿ ವರದಿ ಬರೆಯುತ್ತಿದ್ದ ನಮ್ಮ ಡಾಕ್ಟರು ತುಂಬ ಮಿತಭಾಷಿ. ದಿನವಿಡೀ ಕತ್ತಲೆ ಕೋಣೆಯಲ್ಲಿ ಪರದೆಯ ಮುಂದೆ ಕೂತಿರುತ್ತಿದ್ದರು. ಅವರ ಬಾಯಿಂದ ಒಂದು "ಹ್ಮ್" ಬಂದರೆ ಎಲ್ಲ ಸರಿಯಿದೆ ಎಂದರ್ಥ. ಎರಡು "ಹ್ಮ್" ಬಂದರೆ ರೋಗಿಯ ಕಡೆಯವರನ್ನು ಕರೆಯಬೇಕು. ಕುರ್ಚಿಯಿಂದ ಎದ್ದರೆ ಮಾತ್ರ ನನ್ನ ಎದೆ ಡವಡವ ಎನ್ನುತ್ತಿತ್ತು. ಗಿರಿಜಮ್ಮನವರ ದಿನ ಅವರು ಎದ್ದು ಹೊರಗೇ ಬಂದರು.

ಗಿರಿಜಮ್ಮ ಕೆಂಕೆರೆ ಕಡೆಯ ತೋಟದ ಮನೆಯವರು. ಗಂಡ ತೀರಿಕೊಂಡ ಮೇಲೆ ತೋಟ, ದನಕರು, ಮನೆ ಎಲ್ಲವನ್ನೂ ಒಂದೇ ಕೈಯಲ್ಲಿ ಹಿಡಿದವರು. ಮಡಿ ಎಂದರೆ ಮಡಿ. ಬೇರೆಯವರ ಮನೆಯಲ್ಲಿ ಹನಿ ಕಾಫಿ ಮುಟ್ಟಿದವರಲ್ಲ. ಅಂಗಳದಲ್ಲಿ ಕೂತು ಕೊಬ್ಬರಿ ಆರಿಸುತ್ತಿದ್ದಾಗ ಬಲಗೈ ತನ್ನಷ್ಟಕ್ಕೆ ಎಳೆಯತೊಡಗಿ, ಕಣ್ಣು ಮೇಲೆ ಹೋಗಿ, ನೆಲಕ್ಕುರುಳಿದ್ದರು. ಹಿಂದೆಂದೂ ಹಾಗಾಗಿರಲಿಲ್ಲ. ಸೊಸೆ ವನಜಾ ಓಡಿಬಂದು ಅವರನ್ನು ಪಕ್ಕಕ್ಕೆ ಹೊರಳಿಸಿ, ಬಾಯಿ ಒರೆಸಿ, ಎಚ್ಚರವಾಗುವವರೆಗೂ ತಲೆಯನ್ನು ಹಿಡಿದು ಕೂತಿದ್ದಳು. ಮಾಡಬೇಕಾದದ್ದು ಅಷ್ಟೇ. ಮಗ ಮಹೇಶ ಮಾತ್ರ ಕಬ್ಬಿಣ ಹುಡುಕುತ್ತ ಮನೆಯೆಲ್ಲ ಸುತ್ತಿ, ಕೊನೆಗೆ ಅವ್ವನ ಸೊಂಟದಲ್ಲೇ ಇದ್ದ ಬೀಗದ ಕೈ ಗೊಂಚಲನ್ನು ಕಿತ್ತು ಅವರ ಮುಷ್ಟಿಯಲ್ಲಿ ತುರುಕಿದ್ದ. ಮೂರ್ಛೆ ಬಂದವರ ಕೈಗೆ ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆಂದು ನಮ್ಮ ಕಡೆ ನಂಬಿಕೆ. ಮೂರ್ಛೆ ತನ್ನ ಹೊತ್ತಿಗೆ ತಾನು ನಿಲ್ಲುತ್ತದೆ, ಹೆಸರು ಮಾತ್ರ ಕಬ್ಬಿಣಕ್ಕೆ ಬರುತ್ತದೆ.

ಆ ಗೊಂಚಲನ್ನು ಹಾಗೆಯೇ ಮುಷ್ಟಿಯಲ್ಲಿ ಹಿಡಿದುಕೊಂಡು ಅವರು ಎಂಆರ್‌ಐ ಬಾಗಿಲಿಗೆ ಬಂದರು. ಮಕ್ಕಳೇ, ಇದನ್ನು ಚೆನ್ನಾಗಿ ನೆನಪಿಡಿ. ಮೂರ್ಛೆ ರೋಗಿ ಬಂದರೆ ಮೊದಲು ಮುಷ್ಟಿ ಬಿಚ್ಚಿಸಿ ನೋಡಬೇಕು. ಕುಡುಗೋಲಿನ ತುಂಡು, ಲಾಳ, ಬೋಲ್ಟು, ಏನು ಬೇಕಾದರೂ ಇರುತ್ತದೆ. ನಾನು ಅಡ್ಡ ನಿಂತು, ಬೀಗದ ಕೈ ಕೊಡಿ ಅಮ್ಮ, ಯಂತ್ರ ಎಳೆದುಕೊಳ್ಳುತ್ತೆ ಎಂದೆ.

"ಯಂತ್ರಕ್ಕೆ ಯಾಕವ್ವ ನಮ್ಮನೆ ಬೀಗದ ಕೈ?" ಎಂದರು ಗಿರಿಜಮ್ಮ.

ಪಕ್ಕದಲ್ಲೇ ನಿಂತಿದ್ದ ವನಜಾ ಕೈ ಚಾಚಿದಳು. ಗಿರಿಜಮ್ಮ ಆ ಕೈಯನ್ನು ನೋಡಿದರು, ಅದನ್ನು ದಾಟಿ ಗೊಂಚಲನ್ನು ನನಗೆ ಕೊಟ್ಟರು. ಮುಖ ಕಂಡು ಇನ್ನೂ ಗಳಿಗೆಯೂ ಆಗಿರಲಿಲ್ಲ, ನಾನು ಅವರ ಉಗ್ರಾಣದ ಒಡತಿಯಾಗಿದ್ದೆ. ವನಜಾ ಚಾಚಿದ ಕೈಯನ್ನು ಸೆರಗು ಸರಿಪಡಿಸಿಕೊಳ್ಳುವವಳಂತೆ ಹಿಂದಕ್ಕೆ ತೆಗೆದುಕೊಂಡಳು.

ಚಿತ್ರ ತೆಗೆಯುವುದು ಒಂದು ಸಾಹಸವಾಯಿತು. ಒಳಗೆ ಮಲಗಿದ ಗಿರಿಜಮ್ಮ ಸದ್ದು ಬಂದಾಗಲೆಲ್ಲ ಶಿವಶಿವಾ ಎನ್ನುತ್ತಿದ್ದರು, ಶಿವ ಎಂದಾಗಲೆಲ್ಲ ಗಲ್ಲ ಅಲ್ಲಾಡುತ್ತಿತ್ತು, ಗಲ್ಲ ಅಲ್ಲಾಡಿದಾಗಲೆಲ್ಲ ಚಿತ್ರ ಕಲಸಿಹೋಗುತ್ತಿತ್ತು. ದೇವರನ್ನು ಮನಸ್ಸಿನಲ್ಲೇ ನೆನೆಯಿರಿ ಎಂದು ಮೈಕಿನಲ್ಲಿ ಬೇಡಿಕೊಂಡೆ. "ಮನಸ್ನಲ್ಲಿ ನೆನೆದ್ರೆ ಈ ಗಲಾಟೆಲಿ ಅವನಿಗೆ ಕೇಳಿಸ್ತದಾ?" ಎಂದರು. ಅಂತೂ ಚಿತ್ರ ಬಂತು.

ಪರದೆಯ ಮೇಲೆ ಮಿದುಳಿನ ಎಡಭಾಗದಲ್ಲಿ ಒಂದು ಪುಟ್ಟ ಬಿಳಿ ಉಂಗುರ, ಉಂಗುರದೊಳಗೆ ಒಂದು ಚುಕ್ಕೆ. ಡಾಕ್ಟರು ಎರಡು ಸಲ ಹ್ಮ್ ಎಂದರು. ಆ ವಯಸ್ಸಿನಲ್ಲಿ ಮೊದಲ ಸಲ ಮೂರ್ಛೆ ಬಂದರೆ ಗಡ್ಡೆಯಿರಬಹುದೇ ಎಂಬ ಭಯ ಎಲ್ಲರಿಗೂ ಇರುತ್ತದೆ. ಅವರು ಚುಕ್ಕೆಯ ಮೇಲೆ ಪೆನ್ನಿಟ್ಟು, ಇದು ಹುಳದ ತಲೆ, ಸುತ್ತ ಇರುವುದು ಅದರ ಗುಳ್ಳೆ, ಒಂದೇ ಒಂದಿದೆ, ಮಾತ್ರೆಯಲ್ಲಿ ವಾಸಿಯಾಗುತ್ತದೆ ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಸಿಹಿ ಹಂಚಬೇಕೆನಿಸಿತು. ಮಿದುಳಿನಲ್ಲಿ ಹುಳ ಇದೆ ಎಂಬುದನ್ನು ಶುಭ ಸಮಾಚಾರವಾಗಿ ಕೇಳುವ ಕೆಲಸ ನಮ್ಮದೊಂದೇ ಇರಬೇಕು.

ಆ ಶುಭ ಸಮಾಚಾರ ಮಹೇಶನ ಕೈಗೆ ಸಿಕ್ಕಿತು. ವರದಿಯಲ್ಲಿದ್ದ ಉದ್ದನೆಯ ಹೆಸರನ್ನು ಒಂದೊಂದೇ ಅಕ್ಷರ ನೋಡಿಕೊಂಡು ಫೋನಿಗೆ ಹಾಕಿದ. ಫೋನು ಕನ್ನಡದಲ್ಲೇ ಉತ್ತರ ಕೊಟ್ಟಿತು. ಜನ ಸರದಿಗೆ ಕಾಯುತ್ತ ಕೂತಿದ್ದ ಹೊರಗಿನ ಹಾಲಿನಲ್ಲಿ, ಕಿವಿ ಮಂದವಾದವರಿಗೂ ಕೇಳುವಂತೆ ಆತ ಓದಿದ. ಹಂದಿ ಲಾಡಿಹುಳು. ಹಂದಿ ಮಾಂಸದಿಂದ ಬರುವ ಹುಳು.

ಗಿರಿಜಮ್ಮನವರ ಪಕ್ಕ ಕೂತಿದ್ದವರೊಬ್ಬರು ತಮ್ಮ ಚೀಲವನ್ನು ಮೆಲ್ಲಗೆ ಆ ಕಡೆಗೆ ಎಳೆದುಕೊಂಡರು.

"ಯಾರ ತಲೇಲಿ ಕಣ್ಲಾ?" ಎಂದರು ಗಿರಿಜಮ್ಮ.

"ನಿನ್ ತಲೇಲೇ ಕಣವ್ವ."

ಅವರು ಅಳಲಿಲ್ಲ, ಕೂಗಲಿಲ್ಲ. ನಿಧಾನವಾಗಿ ಸೊಸೆಯ ಕಡೆ ತಿರುಗಿದರು. ವನಜಾಳ ತವರು ತುರುವೇಕೆರೆ. ಅವರೂ ಮಾಂಸ ಮುಟ್ಟುವವರಲ್ಲ. ಆದರೆ ಅವಳ ಅಣ್ಣ ತನ್ನ ಕಟ್ಟಡದ ಕೆಳಗಿನ ಮಳಿಗೆಯನ್ನು ಮಿಲಿಟರಿ ಹೋಟೆಲಿಗೆ ಬಾಡಿಗೆ ಕೊಟ್ಟಿದ್ದ. ಮದುವೆಯಾದಾಗಿನಿಂದ ಆ ಹೋಟೆಲು ಗಿರಿಜಮ್ಮನವರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಹಿಂದಿನ ಹಬ್ಬಕ್ಕೆ ತವರಿಗೆ ಹೋದ ವನಜಾ ಚಕ್ಕುಲಿ ತಂದಿದ್ದಳಂತೆ. ಅತ್ತೆ ಅದನ್ನು ಮುಟ್ಟಿರಲಿಲ್ಲ, ಆದರೆ ಚಕ್ಕುಲಿ ಡಬ್ಬಿ ಅಡುಗೆಮನೆಯಲ್ಲಿ ಇತ್ತಲ್ಲ. ಸಾಕ್ಷಿ ಸಿಕ್ಕಿತು, ತೀರ್ಪೂ ಅಲ್ಲೇ ಹೊರಬಿತ್ತು.

"ನನ್ ಮಡಿ ಕೆಡಿಸಿದೆಯಲ್ಲೇ," ಎಂದರು. ಆಮೇಲೆ ಮಗನಿಗೆ ಹೇಳಿದರು, "ಇವಳನ್ನ ತವರಿಗೆ ಬುಟ್ಟು ಬಾ. ಇವಳು ಹೊಸಲು ದಾಟಿದ ಮ್ಯಾಲೆ ನಾನು ಮಾತ್ರೆ ನುಂಗದು. ಅಲ್ಲೀವರ್ಗೂ ಒಂದ್ ಗುಳಿಗೇನೂ ಮುಟ್ಟಾಕಿಲ್ಲ."

ಇದು ಬರೀ ಬೆದರಿಕೆಯ ಮಾತಲ್ಲ ಎಂದು ವನಜಾಳ ಮುಖ ನೋಡಿದರೇ ತಿಳಿಯುತ್ತಿತ್ತು. ಮಾತ್ರೆಯಿಲ್ಲದೆ ಮನೆಗೆ ಹೋದರೆ ಮುಂದಿನ ಮೂರ್ಛೆ ಒಲೆಯ ಮುಂದೆ ಬರಬಹುದು, ತೋಟದ ತೊಟ್ಟಿಯ ಹತ್ತಿರ ಬರಬಹುದು. ಸೊಸೆಯನ್ನು ತವರಿಗೆ ಬಿಟ್ಟರೆ, ಅತ್ತೆಗೆ ಹಂದಿ ತಿನ್ನಿಸಿದವಳು ಎಂಬ ಹೆಸರನ್ನು ಆ ಹುಡುಗಿ ಸಾಯುವವರೆಗೂ ಹೊತ್ತುಕೊಂಡಿರಬೇಕು. ನನಗೆ ಸಿಟ್ಟು ನೆತ್ತಿಗೇರಿತು. ಮಹೇಶನ ಮುಖ ನೋಡಿದೆ. ಅವನು ಅದಕ್ಕೂ ಫೋನಿನಲ್ಲಿ ಉತ್ತರ ಹುಡುಕುತ್ತಿದ್ದ.

ನೇರವಾಗಿ ಹೋಗಿ ಡಾಕ್ಟರ ಕತ್ತಲೆ ಕೋಣೆಯ ದೀಪ ಹಾಕಿದೆ. ಅದು ಅಲ್ಲಿ ಯಾರೂ ಮಾಡದ ಕೆಲಸ. ನೀವು ಬರೆದ ವರದಿ ಹೊರಗೆ ಒಂದು ಸಂಸಾರ ಮುರಿಯುತ್ತಿದೆ ಸಾರ್ ಎಂದೆ. ಅವರು ಕಣ್ಣು ಕಿರಿದು ಮಾಡಿಕೊಂಡು ನನ್ನನ್ನು ನೋಡಿ, ಎದ್ದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹಾಲಿಗೆ ಬಂದರು. ಇಷ್ಟು ವರ್ಷ ಅಲ್ಲೇ ಕಸ ಗುಡಿಸುತ್ತಿದ್ದವಳು ಅವರನ್ನು ರೋಗಿಯೆಂದುಕೊಂಡು ಚೀಟಿ ಎಲ್ಲಿ ಎಂದು ಕೇಳಿದಳು.

ಅವರು ಗಿರಿಜಮ್ಮನವರ ಎದುರು ಸ್ಟೂಲು ಎಳೆದುಕೊಂಡು ಕೂತರು. ಹಂದಿ ಮಾಂಸ ತಿಂದವರ ಹೊಟ್ಟೆಯಲ್ಲಿ ಲಾಡಿಹುಳ ಬೆಳೆಯುತ್ತದೆ, ಅದು ಬೇರೆ ಕಾಯಿಲೆ. ತಲೆಗೆ ಹೋಗುವುದು ಆ ಹುಳದ ಮೊಟ್ಟೆ. ಮಾಂಸವನ್ನು ಕಣ್ಣಲ್ಲಿ ಕಾಣದವರಿಗೂ ಅದು ಬರುತ್ತದೆ ಎಂದು ವಿವರಿಸಲು ಹೊರಟರು. ಮೊಟ್ಟೆ ಎಂಬಲ್ಲಿಗೆ ಅವರ ವಿವರಣೆ ನಿಂತುಹೋಯಿತು.

"ಹಂದಿ ಸಾಲ್ದು ಅಂತ ಮೊಟ್ಟೆ ಬೇರೆ ತಿನ್ಸವ್ಳಾ?" ಎಂದರು ಗಿರಿಜಮ್ಮ.

ಡಾಕ್ಟರು ನನ್ನ ಕಡೆ ನೋಡಿದರು. ಅವರ ಕಣ್ಣಿನಲ್ಲಿ ತಮ್ಮ ಕತ್ತಲೆ ಕೋಣೆಯ ಮೇಲಿನ ಪ್ರೀತಿ ಕಾಣುತ್ತಿತ್ತು. ಕೋಳಿಮೊಟ್ಟೆಯಲ್ಲ ಅಮ್ಮ, ಕಣ್ಣಿಗೇ ಕಾಣದ ಧೂಳಿನಂಥದ್ದು, ಹುಳ ಇರುವವರು ಬಯಲಿಗೆ ಹೋದರೆ ಮಣ್ಣಿಗೆ ಸೇರುತ್ತದೆ, ಕೊಳಕು ನೀರು ಹಾಯಿಸಿದರೆ ಸೊಪ್ಪಿಗೆ ಅಂಟುತ್ತದೆ, ಕೈ ತೊಳೆಯದೆ ಬಡಿಸಿದರೆ ಎಲೆಗೆ ಬರುತ್ತದೆ ಎಂದು ನಾನೇ ಹೇಳಿದೆ.

"ನಾನು ಹೊರಗಡೆ ಏನೂ ತಿನ್ನಾಕಿಲ್ಲವಲ್ಲ," ಎಂದರು ಗಿರಿಜಮ್ಮ. ಅಲ್ಲಿಗೆ ಸೊಸೆಯ ಮೇಲಿನ ಹಗ್ಗ ಇನ್ನೊಂದು ಸುತ್ತು ಬಿಗಿಯಾಯಿತು.

ಡಾಕ್ಟರು ಬಿಡಲಿಲ್ಲ. ಮದುವೆ ಮುಂಜಿಗೆ ಹೋಗುವುದಿಲ್ಲವೇ ಎಂದು ಕೇಳಿದರು. ಹೋಗುತ್ತಾರೆ, ಊರಿಗೆಲ್ಲ ಹಿರಿಯರಲ್ಲವೇ. ಊಟ? ಮಾಡುವುದಿಲ್ಲ. ಹಸಿದುಕೊಂಡೇ ಬರುತ್ತೀರಾ?

"ಹಂಗೆ ಬಂದ್ರೆ ಕರೆದೋರು ನೊಂದ್ಕೊಳಲ್ವಾ? ಬೇಯಿಸಿದ್ದು ಮುಟ್ಟಾಕಿಲ್ಲ. ಕೋಸಂಬರಿ ತಿಂತೀನಿ, ಸೌತೇಕಾಯಿ ಹೋಳು ತಿಂತೀನಿ, ಹಸಿ ಕ್ಯಾರೆಟ್ಟು, ಮೂಲಂಗಿ. ಒಲೆ ಮ್ಯಾಲೆ ಹೋಗಿಲ್ಲ ಅಂದ ಮ್ಯಾಲೆ ಹಸೀದಕ್ಕೆ ಏನ್ ಮೈಲಿಗೆ?"

ಡಾಕ್ಟರು ಒಂದು ಹ್ಮ್ ಎಂದರು. ಇನ್ನೊಂದು ಹ್ಮ್ ಎಂದರು. ನಾನು ಹಾಗೇ ಬೆಂಚಿನ ಮೇಲೆ ಕೂತುಬಿಟ್ಟೆ. ನಮ್ಮಜ್ಜಿಯದೂ ಇದೇ ಕಟ್ಟಳೆ. ಪರರ ಮನೆಯಲ್ಲಿ ಬೆಂದದ್ದು ಬೇಡ, ಹಸಿಯಾದರೆ ದೋಷವಿಲ್ಲ. ಮಡಿ ಕಾಯುವ ಎಷ್ಟು ಮನೆಗಳಲ್ಲಿ ಈ ಕಟ್ಟಳೆ ಇದೆಯೋ. ಆ ಹುಳದ ಮೊಟ್ಟೆ ಸಾಯುವುದೇ ಒಲೆಯ ಮೇಲೆ. ಗಿರಿಜಮ್ಮ ಆಯುಷ್ಯವಿಡೀ ತಾವು ಹೋದ ಮದುವೆಗಳಲ್ಲೆಲ್ಲ ಕುದಿಯುವ ಸಾರು, ಹಬೆಯಾಡುವ ಅನ್ನ ಬಿಟ್ಟು, ಯಾವ ಹೊಂಡದ ನೀರಿನಲ್ಲಿ ತೊಳೆದದ್ದೋ ತಿಳಿಯದ ಕೊತ್ತಂಬರಿ ಸೊಪ್ಪನ್ನು ಮಡಿಯೆಂದು ತಿಂದು ಬಂದಿದ್ದರು.

ಎಲ್ಲಿಂದ ಬಂತೆಂದು ಖಚಿತವಾಗಿ ಯಾರೂ ಹೇಳಲಾರರು, ಆದರೆ ದಾರಿ ಇದೇ ಇರಬಹುದು ಎಂದು ಡಾಕ್ಟರು ಹೇಳಿದರು. ಮನೆಯವರೆಲ್ಲರ ಮಲ ಪರೀಕ್ಷೆಯನ್ನೂ ಮಾಡಿಸಬೇಕು, ಯಾರಿಗಾದರೂ ಹೊಟ್ಟೆಯಲ್ಲಿ ಹುಳವಿದ್ದರೆ ತಿಳಿಯುತ್ತದೆ ಎಂದರು. ಮೊದಲು ಇವಳದ್ದು ಮಾಡಿ ಎಂದು ಗಿರಿಜಮ್ಮ ಸೊಸೆಯನ್ನು ತೋರಿಸಿದರು. ನ್ಯಾಯವಾಗಿ ಕೇಳಬೇಕಲ್ಲ, ಡಾಕ್ಟರು ವನಜಾಳನ್ನೂ ಕೇಳಿದರು. ನೀನು ಹೊರಗೆ ಏನು ತಿನ್ನುತ್ತೀಯಮ್ಮ?

ವನಜಾ ಗಂಡನನ್ನು ನೋಡಿದಳು, ನೆಲ ನೋಡಿದಳು. ಇನ್ನು ಹೋಗುವುದೇನಿದೆ ಎನ್ನಿಸಿರಬೇಕು.

"ತಿಪಟೂರಿಗೆ ಬಂದಾಗ್ಲೆಲ್ಲ ಬಸ್‌ಸ್ಟ್ಯಾಂಡ್ ಹತ್ರ ಮೆಣಸಿನಕಾಯಿ ಬಜ್ಜಿ ತಿಂತೀನಿ ಅತ್ತೆ. ಎಣ್ಣೆಯಿಂದ ತೆಗೆದಿದ್ದು ತೆಗೆದಂಗೇ," ಎಂದಳು.

ಹಾಲಿನಲ್ಲಿ ತಮ್ಮ ಸರದಿ ಬಂದವರೂ ಒಳಗೆ ಹೋಗಲು ಒಪ್ಪಲಿಲ್ಲ. ಗಿರಿಜಮ್ಮ ನನ್ನ ಕಡೆ ತಿರುಗಿದರು.

"ಮಡೀಲಿ ತಿಂದೋಳ ತಲೇಲಿ ಹುಳ ಆಗೈತೆ. ಬೀದೀಲಿ ನಿಂತ್ಕೊಂಡು ಬಜ್ಜಿ ತಿಂದೋಳು ನೆಟ್ಟಗವ್ಳೆ. ಇದ್ಯಾವ ನ್ಯಾಯ ಕಣವ್ವ?"

ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ. ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಡಾಕ್ಟರನ್ನು ಕೇಳಿದರು. ನನ್ನಿಂದ ಬೀಗದ ಕೈ ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿ, ಎದ್ದು, "ಏಳೇ, ಬಸ್ಸಿಗೆ ಹೊತ್ತಾಯ್ತು," ಎಂದು ಸೊಸೆಗೆ ಹೇಳಿದರು. ತವರಿನ ಮಾತು ಎತ್ತಲಿಲ್ಲ. ಕ್ಷಮೆಯ ಮಾತೂ ಎತ್ತಲಿಲ್ಲ. ಬಾಗಿಲ ಹತ್ತಿರ ಒಂದು ಕ್ಷಣ ನಿಂತು, ಯಾರೂ ನೋಡುತ್ತಿಲ್ಲವೆಂದುಕೊಂಡು ತಲೆಯನ್ನು ಒಂದು ಕಡೆಗೆ ವಾಲಿಸಿ ಒಂದು ಸಲ ಅಲ್ಲಾಡಿಸಿ ನೋಡಿಕೊಂಡರು.

ಹೊಟ್ಟೆಯ ಪರೀಕ್ಷೆಯಲ್ಲಿ ಮನೆಯವರೆಲ್ಲ ಚೊಕ್ಕಟ ಎಂದು ಬಂತು. ವನಜಾಳ ಒಳ್ಳೆಯ ಹೆಸರು ಆಸ್ಪತ್ರೆಯ ಕಾಗದದಲ್ಲಿ ಉಳಿಯಿತು, ಮನೆಯಲ್ಲಿ ಉಳಿಯಿತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಮಾತ್ರೆಯ ಬಗ್ಗೆ ಏನಾದರೂ ಸಂದೇಹ ಬಂದರೆ ಅವಳು ಫೋನು ಮಾಡುತ್ತಿದ್ದಳು. ಮಹೇಶ ಅವ್ವನ ಫಿಲ್ಮನ್ನು ಕೊಬ್ಬರಿ ಮಂಡಿಗೆ ಒಯ್ದಿದ್ದನಂತೆ. ವ್ಯಾಪಾರಿಗಳೆಲ್ಲ ಬೆಳಕಿಗೆ ಹಿಡಿದು ನೋಡಿ, ಕಾಯಿ ಗಟ್ಟಿಯಿದೆ, ಒಂದು ಕಡೆ ಸ್ವಲ್ಪ ಮುಗ್ಗಲಾಗಿದೆ, ಅಷ್ಟೇ ಎಂದರಂತೆ. ನಮ್ಮ ಡಾಕ್ಟರ ವರದಿಗಿಂತ ಹೆಚ್ಚೇನೂ ದೂರವಿರಲಿಲ್ಲ. ಗಿರಿಜಮ್ಮ ಮದುವೆಗಳಿಗೆ ಹೋಗುವುದನ್ನು ಬಿಡಲಿಲ್ಲವಂತೆ. ಈಗ ಕೋಸಂಬರಿ ಪಾತ್ರೆಯ ಪಕ್ಕ ನಿಂತು ಸೊಪ್ಪು ಎಲ್ಲಿಯದು, ಯಾವ ನೀರಿನಲ್ಲಿ ತೊಳೆದಿರಿ, ಕೈ ತೋರಿಸು ಎಂದು ಬಡಿಸುವವರನ್ನು ಗೋಳುಹೊಯ್ದುಕೊಳ್ಳುತ್ತಾರಂತೆ. ಅವರು ಬಂದರೆಂದರೆ ಅಡುಗೆ ಭಟ್ಟರು ಕೋಸಂಬರಿ ಅಡಗಿಸಿಡುತ್ತಾರಂತೆ.

ತಿಂಗಳುಗಳು ಕಳೆದ ಮೇಲೆ ಮತ್ತೆ ಸ್ಕ್ಯಾನಿಗೆ ಬಂದರು. ಮೂರ್ಛೆ ಮತ್ತೆ ಬಂದಿರಲಿಲ್ಲ. ಬಾಗಿಲಲ್ಲಿ ತಾವಾಗಿಯೇ ಗೊಂಚಲು ತೆಗೆದು ನನಗೇ ಕೊಟ್ಟರು. ವನಜಾ ಈ ಸಲ ಕೈ ಚಾಚಿರಲಿಲ್ಲ. ಒಳಗೆ ಗಿರಿಜಮ್ಮ ಶಿವನನ್ನು ಮನಸ್ಸಿನಲ್ಲೇ ನೆನೆದರು, ಚಿತ್ರ ಸೊಗಸಾಗಿ ಬಂತು. ಉಂಗುರ ಕರಗಿಹೋಗಿತ್ತು. ಡಾಕ್ಟರು ಒಂದೇ ಒಂದು ಹ್ಮ್ ಎಂದರು. ಅಷ್ಟು ಚೆಂದದ ಹ್ಮ್ ನಾನು ಕೇಳಿರಲಿಲ್ಲ, ಕಣ್ಣಲ್ಲಿ ನೀರು ಬಂತು.

ಗೊಂಚಲು ಹಿಂದಿರುಗಿಸಿ, ಅವರನ್ನು ಕಳಿಸಲು ಗೇಟಿನವರೆಗೂ ಹೋದೆ. ಗೇಟಿನ ಎದುರು ಬಜ್ಜಿ ಗಾಡಿ. ಅವರು ಅದರ ಮುಂದೆ ನಿಂತುಬಿಟ್ಟರು. ವನಜಾ ಗಾಬರಿಯಾಗಿ ನನ್ನ ಮುಖ ನೋಡಿದಳು.

"ಆ ತಟ್ಟೇಲಿರದು ಬ್ಯಾಡ," ಎಂದರು ಗಿರಿಜಮ್ಮ ಗಾಡಿಯವನಿಗೆ. "ಎಣ್ಣೇಲಿ ಐತಲ್ಲ, ಅದನ್ನ ಕೊಡಪ್ಪ. ಹೊಗೆ ಬತ್ತಿರ್ಬೇಕು."

ಅವನು ಎಲೆಯ ಮೇಲೆ ಬಜ್ಜಿ ಹಾಕಿ, ಪಕ್ಕಕ್ಕೆ ಹೆಚ್ಚಿದ ಹಸಿ ಈರುಳ್ಳಿ, ಕೊತ್ತಂಬರಿ ಇಟ್ಟ. ಗಿರಿಜಮ್ಮ ಅದನ್ನು ಬೆರಳ ತುದಿಯಿಂದ ಎಲೆಯ ಆಚೆಗೆ ತಳ್ಳಿದರು. ಬಜ್ಜಿಯನ್ನು ಮುರಿದು, ಊದಿ, ಕಣ್ಣು ಮುಚ್ಚಿಕೊಂಡು ತಿಂದರು. ಇನ್ನೊಂದು ಮುರಿದರು. ಏನಾದರೂ ಹೇಳುತ್ತಾರೇನೋ ಎಂದು ನಾವಿಬ್ಬರೂ ಕಾದೆವು. ಬಸ್ಸು ಬರುವ ಸದ್ದು ಕೇಳಿತು. ಅವರು ಸೊಂಟದ ಗೊಂಚಲನ್ನು ಮೊಣಕೈಯಿಂದ ವನಜಾಳ ಕಡೆಗೆ ತೋರಿಸಿದರು.

"ಕೈಯೆಲ್ಲ ಎಣ್ಣೆಯಾಗೈತೆ ಕಣೇ. ಇದನ್ನ ನೀನೇ ಇಟ್ಕೊ."

ವನಜಾ ಗೊಂಚಲನ್ನು ಬಿಚ್ಚಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗಾಡಿಯ ಪಕ್ಕದಲ್ಲೇ ಬಕೆಟ್ಟಿನಲ್ಲಿ ನೀರಿತ್ತು, ಸೋಪೂ ಇತ್ತು. ಗಿರಿಜಮ್ಮ ತಿಕ್ಕಿ ತಿಕ್ಕಿ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಬೀಗದ ಕೈ ವಾಪಸ್ ಕೇಳದೆ ಬಸ್ಸು ಹತ್ತಿದರು.